ಹಳೆಯ ಕಾರಿನ ಜೀರ್ಣೋದ್ಧಾರ

ಹಡಗಲಿ ಸೀಮೆಯ ರೈತನು ಮೈಲಾರದ ಜಾತ್ರೆಗೆ ಬಂಡಿ ಹೂಡುವ ಮುನ್ನ ಅನುಸರಿಸುತ್ತ ಬಂದ ಕ್ರಮವೊಂದುಂಟು. ಮೊದಲು ಬಂಡಿಯನ್ನು ಎತ್ತಿ ನಿಲ್ಲಿಸಿ, ಗಾಲಿಯನ್ನು ಕಳಚಿ, ಅಚ್ಚನ್ನು ಪರೀಕ್ಷಿಸುವುದು, ಸವೆದ ಕಡೆಗೀಲನ್ನು ಬದಲಿಸುವುದು, ಕೀಲೆಣ್ಣೆ ಹಾಕುವುದು, ಗಾಲಿಯ ಹಳಿ ಸಡಿಲವಾಗಿದ್ದರೆ ಕಮ್ಮಾರನ ಕುಲುಮೆಗೆ ಒಯ್ಯುವುದು. ಎತ್ತಿನ ಜೂಲು, ಕೊಂಬಿನ ಬಣ್ಣ, ಗೆಜ್ಜೆಸರ ಇವೆಲ್ಲ ಕಟ್ಟಕಡೆಗೆ. ಕೈಯಲ್ಲಿ ಹಣ ಕಡಿಮೆಯಿದ್ದ ವರ್ಷ ಕೊಂಬಿಗೆ ಬಣ್ಣವಿಲ್ಲದೆ ಬಂಡಿ ಹೊರಟೀತೇ ಹೊರತು ಕಡೆಗೀಲಿಲ್ಲದೆ ಹೊರಡಲಾರದು. ಕಾಣುವ ಅಂದಕ್ಕಿಂತ ಕಾಣದ ಆಧಾರ ಮುಖ್ಯವೆಂಬ ಈ ಗ್ರಾಮೀಣ ವಿವೇಕವೇ ಪ್ರಕೃತ ವಿಷಯಕ್ಕೂ ತಳಹದಿ. ಹಳೆಯದಾದ ಒಂದು ವೇಗದ ಕಾರನ್ನು, ಸಾಮಾನ್ಯ ವರಮಾನದ ಗೃಹಸ್ಥನೊಬ್ಬನು ಅಲ್ಪ ವೆಚ್ಚದಲ್ಲಿ ಮತ್ತೆ ರಸ್ತೆಗೆ ಯೋಗ್ಯವಾಗಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಕನ್ನಡ ನಾಡಿನಲ್ಲಿ ಹುಟ್ಟಿದ ಕಾರು

ಕ್ರೀಡಾ ಕಾರು ಎಂದೊಡನೆ ವಿದೇಶದ ಶ್ರೀಮಂತರ ವಾಹನವೇ ಕಣ್ಣೆದುರಿಗೆ ಬರುವುದು ಸಹಜ. ಆದರೆ ನಮ್ಮ ರಾಜ್ಯದಲ್ಲಿಯೇ ತಯಾರಾಗಿ, ರ‍್ಯಾಲಿಗಳಲ್ಲಿಯೂ ಓಟದ ಪಂದ್ಯಗಳಲ್ಲಿಯೂ ಹೆಸರು ಪಡೆದ ಸಣ್ಣ ಕಾರೊಂದುಂಟು. ಅದು ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಸಂಸ್ಥೆಯು 1982ರಲ್ಲಿ ಹೊರತಂದ ಡಾಲ್ಫಿನ್. ಮುಂದೆ ಸಿಪಾನಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆಯು ಅದಕ್ಕೂ ಮೊದಲು ಬಾದಲ್ ಎಂಬ ಮೂರು ಗಾಲಿಯ ವಾಹನವನ್ನು ತಯಾರಿಸಿತ್ತು. ಡಾಲ್ಫಿನ್ ಕಾರಿನ ಮೂಲರೂಪವು ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ಕಿಟನ್ ಎಂಬ ಕಾರು. 848 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನ್, ಎರಡು ಬಾಗಿಲು, ಹಿಂದಿನ ಗಾಲಿಗಳಿಗೆ ಚಾಲನೆ, ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಗಾಜುನಾರಿನ ಅಂದರೆ ಫೈಬರ್ ಗ್ಲಾಸಿನ ಮೈ ಇವು ಅದರ ಮುಖ್ಯ ಲಕ್ಷಣಗಳು.

ಅಂದು ನಮ್ಮ ರಸ್ತೆಗಳಲ್ಲಿದ್ದ ಅಂಬಾಸಿಡರ್ ಮುಂತಾದ ಕಾರುಗಳು ಒಂದು ಟನ್ನಿಗಿಂತ ಹೆಚ್ಚು ತೂಗುತ್ತಿದ್ದರೆ, ಕಿಟನ್ ಕಾರಿನ ತೂಕ ಅರ್ಧ ಟನ್ನಿಗಿಂತ ಸ್ವಲ್ಪವೇ ಹೆಚ್ಚು. ಎಂಜಿನ್ನಿನ ಶಕ್ತಿ 40 ಅಶ್ವಶಕ್ತಿಯಷ್ಟಾದರೂ ಎಳೆಯಬೇಕಾದ ಭಾರ ಕಡಿಮೆಯಾದುದರಿಂದ ಓಟದಲ್ಲಿ ಚುರುಕು ಬಂದಿತು. ಡಾಲ್ಫಿನ್ ಪಂದ್ಯಪ್ರಿಯರ ಮೆಚ್ಚುಗೆಗೆ ಪಾತ್ರವಾದುದಕ್ಕೆ ಈ ಹಗುರತನವೇ ಕಾರಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಕಾರಿನ ಗ್ರಾಹಕರು ಅತ್ತ ವಾಲಿದರು. ಸಿಪಾನಿಯವರು 1987ರ ಸುಮಾರಿಗೆ ಹೆಚ್ಚು ಬಾಗಿಲುಗಳುಳ್ಳ ಮೊಂಟಾನಾ ಎಂಬ ರೂಪವನ್ನು ತಂದರೂ ಕಾಲಕ್ರಮೇಣ ಆ ಮಾಲಿಕೆಯ ತಯಾರಿಕೆಯೇ ನಿಂತುಹೋಯಿತು.

ಇಂತಹ ಕಾರಿನ ಪುನರುದ್ಧಾರವನ್ನು ಉದಾಹರಣೆಯಾಗಿ ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳುಂಟು. ತಯಾರಕರ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯದಿರುವುದರಿಂದ ಬುದ್ಧಿಯನ್ನು ಖರ್ಚುಮಾಡಿ ಹಣವನ್ನು ಉಳಿಸಬೇಕಾಗುತ್ತದೆ ಎಂಬುದು ಮೊದಲನೆಯದು. ಇಲ್ಲಿ ಹೇಳುವ ಕ್ರಮವು ಪ್ರೀಮಿಯರ್ ಪದ್ಮಿನಿಗಾಗಲಿ, ಸ್ಟ್ಯಾಂಡರ್ಡ್ ಹೆರಾಲ್ಡಿಗಾಗಲಿ, ಮನೆಯ ಹಿತ್ತಲಿನಲ್ಲಿ ನಿಂತ ಹಳೆಯ ಜೀಪಿಗಾಗಲಿ ಅಷ್ಟೇ ಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಎರಡನೆಯದು.

ಕೊಳ್ಳುವ ಮೊದಲು ಕಾಗದಪತ್ರ

ಹಳೆಯ ಕಾರಿನ ಮೊದಲ ಪರೀಕ್ಷೆ ನಡೆಯಬೇಕಾದುದು ಎಂಜಿನ್ನಿನ ಮೇಲಲ್ಲ, ಕಾಗದದ ಮೇಲೆ. ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲೆ ಒತ್ತಿದ ಸಂಖ್ಯೆಗಳೊಡನೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಆ ವಾಹನ ದುಬಾರಿಯೇ ಸರಿ.

1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಅನಂತರ ವಾಹನದ ತಪಾಸಣೆಯಾದ ಮೇಲೆ ಐದೈದು ವರ್ಷಗಳಿಗೆ ನವೀಕರಣಗೊಳ್ಳುತ್ತದೆ. 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದು 10,000 ರೂಪಾಯಿಗಳಾಯಿತು. 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ 50 ವರ್ಷ ಮೀರಿದ ವಾಹನಗಳಿಗೆ ಪುರಾತನ ವಾಹನಗಳೆಂಬ ಪ್ರತ್ಯೇಕ ನೋಂದಣಿಯುಂಟು. ಆದರೆ 1982ರ ಡಾಲ್ಫಿನ್ ಆ ವಯಸ್ಸನ್ನು ಮುಟ್ಟುವುದು 2032ರಲ್ಲಿ. ಅಲ್ಲಿಯವರೆಗೆ ಅದು ಸಾಮಾನ್ಯ ಕಾರುಗಳ ಸಾಲಿನಲ್ಲಿಯೇ ನವೀಕರಣಗೊಳ್ಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ವಾಹನ ಮಾಲೀಕರಿಗೆ ಹೊಸಪೇಟೆಯ ಸಾರಿಗೆ ಕಚೇರಿ ಪರಿಚಿತವೇ. ಹರಪನಹಳ್ಳಿಯು 1997ರಿಂದ ಕೆಲಕಾಲ ದಾವಣಗೆರೆ ಜಿಲ್ಲೆಯಲ್ಲಿದ್ದು ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದುದರಿಂದ, ಅಲ್ಲಿಯ ಹಳೆಯ ವಾಹನಗಳ ದಾಖಲೆ ಯಾವ ಕಚೇರಿಯಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಶುಲ್ಕ, ಹಸಿರು ತೆರಿಗೆ, ಕಡ್ಡಾಯ ವಿಮೆ, ಹೊಗೆ ತಪಾಸಣೆ ಇವುಗಳ ಹಣವನ್ನು ಬೇರೆಯಾಗಿ ಎತ್ತಿಟ್ಟು ಉಳಿದ ಹಣದ ವಿಚಾರಕ್ಕೆ ಕೈಹಾಕಬೇಕು.

ಹದಿನಾರಾಣೆಯ ಲೆಕ್ಕ

ಉಳಿದ ಮೊತ್ತವನ್ನು ಒಂದು ರೂಪಾಯಿ, ಎಂದರೆ ಹದಿನಾರಾಣೆ ಎಂದು ಭಾವಿಸೋಣ. ಅದರಲ್ಲಿ ಏಳಾಣೆ ಬ್ರೇಕು, ಸ್ಟೀರಿಂಗು, ಸ್ಪ್ರಿಂಗು ಮತ್ತು ಟಯರುಗಳಿಗೆ, ನಾಲ್ಕಾಣೆ ಎಂಜಿನ್, ತಂಪುಕಾರಕ ಮತ್ತು ಇಂಧನ ವ್ಯವಸ್ಥೆಗೆ, ಎರಡಾಣೆ ವಿದ್ಯುತ್ತಿಗೆ, ಮೂರಾಣೆ ಮುಟ್ಟದೆ ಇಡಬೇಕಾದ ಮೀಸಲು. ಹಳೆಯ ವಾಹನವನ್ನು ಬಿಚ್ಚಿದ ಮೇಲೆ ಹೊರಬೀಳುವ ದೋಷಗಳಿಗೆ ಈ ಮೀಸಲು ಅನಿವಾರ್ಯ. ಈ ಹಂಚಿಕೆಯಲ್ಲಿ ಬಣ್ಣಕ್ಕೆ ಒಂದಾಣೆಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬಣ್ಣ ಬೇಡವೆಂದಲ್ಲ, ಕಾರು ಒಂದು ವರ್ಷ ನಿರಪಾಯವಾಗಿ ಓಡಿದ ಮೇಲೆ ಬಣ್ಣದ ಮಾತು.

ಅನೇಕ ಉದ್ಧಾರ ಕಾರ್ಯಗಳು ಅರ್ಧಕ್ಕೇ ನಿಲ್ಲುವುದು ಈ ಕ್ರಮ ತಲೆಕೆಳಗಾದಾಗ. ಮೊದಲ ಉತ್ಸಾಹದಲ್ಲಿ ಬಣ್ಣ, ಆಸನದ ಹೊದಿಕೆ, ಹೊಳೆಯುವ ಚಕ್ರದ ಬಟ್ಟಲು ಇವುಗಳಿಗೆ ಹಣ ಸುರಿದು, ಬ್ರೇಕಿನ ಸರದಿ ಬರುವಾಗ ಕೈ ಬರಿದಾಗುತ್ತದೆ. ಆಗ ಉಳಿಯುವುದು ಎರಡೇ ದಾರಿ: ಕಾರನ್ನು ಹಾಗೆಯೇ ನಿಲ್ಲಿಸಿಬಿಡುವುದು, ಇಲ್ಲವೆ ಇದ್ದ ಬ್ರೇಕಿನಲ್ಲಿಯೇ ಓಡಿಸುವುದು. ಎರಡನೆಯದು ಅಪಾಯಕರ.

ಚೌಕಟ್ಟಿನ ಪರೀಕ್ಷೆ

ಗಾಜುನಾರಿನ ಮೈಗೆ ತುಕ್ಕು ಹಿಡಿಯದು. ಈ ಗುಣವೇ ಕೊಳ್ಳುವವನನ್ನು ಮೋಸಗೊಳಿಸುವುದೂ ಉಂಟು. ಮೇಲ್ಮೈ ನುಣುಪಾಗಿದ್ದರೂ ಅದರ ಕೆಳಗಿನ ಉಕ್ಕಿನ ಚೌಕಟ್ಟು ಒಳಗೊಳಗೇ ಕ್ಷಯಿಸಿರಬಹುದು. ಕಾರನ್ನು ಗಟ್ಟಿಯಾದ ಆಸರೆಗಳ ಮೇಲೆ ಎತ್ತಿ ನಿಲ್ಲಿಸಿ, ಕೇವಲ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಎಂದಿಗೂ ನುಸುಳದೆ, ಚೌಕಟ್ಟಿನ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹವು ಕಣಕಣನೆ ನುಡಿಯುತ್ತದೆ. ಕ್ಷಯಿಸಿದ ಲೋಹದ ದನಿ ಮೊಂಡಾಗಿರುತ್ತದೆ. ಸ್ಪ್ರಿಂಗುಗಳ ಕೊಂಡಿಗಳು, ಸ್ಟೀರಿಂಗ್ ಪೆಟ್ಟಿಗೆ ಕುಳಿತ ಜಾಗ, ಮೈ ಮತ್ತು ಚೌಕಟ್ಟನ್ನು ಬೆಸೆಯುವ ಬೋಲ್ಟುಗಳ ಸುತ್ತಲಿನ ಜಾಗ ಇವು ವಿಶೇಷ ಲಕ್ಷ್ಯಕ್ಕೆ ಯೋಗ್ಯ. ಒಂದೆರಡು ಕಡೆ ತುಕ್ಕಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ, ಅದೇ ದಪ್ಪದ ಉಕ್ಕನ್ನು ಬೆಸೆಯಬಹುದು. ಬೆಸುಗೆಯ ಕಿಡಿಗೆ ಗಾಜುನಾರು ಹೊತ್ತಿಕೊಳ್ಳುವುದರಿಂದ ಮೈಯನ್ನು ಸರಿಸಿ ಅಥವಾ ಒದ್ದೆ ಗೋಣಿಯಿಂದ ಮುಚ್ಚಿ, ಪೆಟ್ರೋಲ್ ತೊಟ್ಟಿಯನ್ನು ಹೊರತೆಗೆದ ಮೇಲೆಯೇ ಆ ಕೆಲಸ ನಡೆಯತಕ್ಕದ್ದು. ಚೌಕಟ್ಟು ಹಲವೆಡೆ ಶಿಥಿಲವಾಗಿದ್ದರೆ, ಆ ಕಾರನ್ನು ಬಿಡಿಭಾಗಗಳಿಗಾಗಿ ಇರಿಸಿಕೊಂಡು ಬೇರೊಂದನ್ನು ಹುಡುಕುವುದೇ ವಿವೇಕ. ಕೈಬಿಡುವುದನ್ನು ಅರಿಯುವುದೂ ಮಿತವ್ಯಯದ ಒಂದು ಅಂಗ.

ಈ ಸೀಮೆಯ ಜನರಿಗೆ ಅಚ್ಚಿನ ಮಹತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವ ಸಾಗಿದ್ದಾಗ ಅಚ್ಚು ಮುರಿದು ಮಹಾರಥವು ವಾಲಿ ಬಿದ್ದುದು, ಭಕ್ತರು ಗಾಯಗೊಂಡುದು ಜನಮನದಲ್ಲಿ ಇನ್ನೂ ಹಸಿಯಾಗಿದೆ. ಎಷ್ಟೇ ಎತ್ತರದ, ಎಷ್ಟೇ ಅಲಂಕೃತವಾದ ವಾಹನವಾದರೂ ಅದರ ಭಾರವನ್ನೆಲ್ಲ ಹೊರುವುದು ಕಣ್ಣಿಗೆ ಬೀಳದ ಒಂದು ಅಚ್ಚು. ಕಾರಿನ ಗಾಲಿ ಬೇರಿಂಗು, ಚಲನದಂಡ, ಸ್ಟೀರಿಂಗಿನ ಕೀಲುಗಳನ್ನು ಪರೀಕ್ಷಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಎತ್ತಿ ನಿಲ್ಲಿಸಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗಿನ ಸಡಿಲ ತಿಳಿಯುತ್ತದೆ. ಎಡಬಲಕ್ಕೆ ಅಲುಗಿಸಿದರೆ ಸ್ಟೀರಿಂಗ್ ಕೀಲುಗಳ ಸವೆತ ತಿಳಿಯುತ್ತದೆ. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ.

ನಿಲ್ಲುವ ಶಕ್ತಿ

ಓಡುವ ವಾಹನದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಅದರ ಅರ್ಥ ರಸ್ತೆಯ ಮೇಲೆ ಹೀಗಿದೆ: ಒಳ್ಳೆಯ ಬ್ರೇಕಿರುವ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸುಮಾರು 12 ಮೀಟರಿನಲ್ಲಿ ನಿಂತರೆ, 80 ಕಿಲೋಮೀಟರ್ ವೇಗದಲ್ಲಿ ಅದೇ ಕಾರಿಗೆ ಸುಮಾರು 49 ಮೀಟರ್ ಬೇಕು. ವೇಗ ಇಮ್ಮಡಿ, ದೂರ ನಾಲ್ಮಡಿ. ಚಾಲಕನು ಅಪಾಯವನ್ನು ಕಂಡು ಕಾಲೂರಲು ಹಿಡಿಯುವ ಒಂದು ಸೆಕೆಂಡನ್ನು ಕೂಡಿಸಿದರೆ ಈ ಅಂತರಗಳು ಸುಮಾರು 23 ಮತ್ತು 71 ಮೀಟರುಗಳಾಗುತ್ತವೆ. ಕಾರು ಹಳೆಯದೆಂಬ ಕಾರಣಕ್ಕೆ ಪ್ರಕೃತಿಯು ಈ ಲೆಕ್ಕದಲ್ಲಿ ರಿಯಾಯಿತಿ ನೀಡದು.

ಬ್ರೇಕಿನ ವ್ಯವಸ್ಥೆಯು ಪ್ಯಾಸ್ಕಲನ ನಿಯಮದ ಪ್ರತ್ಯಕ್ಷ ಪ್ರಯೋಗ. ಕಾಲಿನ ಒತ್ತಡವು ಮಾಸ್ಟರ್ ಸಿಲಿಂಡರಿನಿಂದ ದ್ರವದ ಮೂಲಕ ನಾಲ್ಕು ಗಾಲಿಗಳ ಸಣ್ಣ ಸಿಲಿಂಡರುಗಳನ್ನು ಮುಟ್ಟುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ಸಿಲಿಂಡರುಗಳ ಒಳಗೋಡೆಗೆ ತುಕ್ಕು ಹಿಡಿದು, ರಬ್ಬರ್ ಬಟ್ಟಲುಗಳು ಗಟ್ಟಿಯಾಗಿರುತ್ತವೆ. ಎಲ್ಲವನ್ನೂ ಬಿಚ್ಚಿ, ಒಳಗೋಡೆ ನುಣುಪಾಗಿದ್ದರೆ ರಬ್ಬರನ್ನು ಮಾತ್ರ ಬದಲಿಸಬಹುದು. ಗುಳಿ ಬಿದ್ದಿದ್ದರೆ ಒಳಗೆ ಹೊಸ ಕೊಳವೆ ಕೂರಿಸಬಲ್ಲ ನುರಿತ ಕಾರ್ಖಾನೆಗೆ ಕೊಡಬೇಕು, ಇಲ್ಲವೆ ಸಿಲಿಂಡರನ್ನೇ ಬದಲಿಸಬೇಕು. ಕೊಳವೆಗಳು ಮತ್ತು ಬಾಗುವ ನಳಿಕೆಗಳು ಹಳೆಯವಾಗಿದ್ದರೆ ಪ್ರಶ್ನಿಸದೆ ಹೊಸವನ್ನು ಹಾಕಬೇಕು. ಬ್ರೇಕಿನ ರಬ್ಬರಿಗೆ ಎಂಜಿನ್ ಎಣ್ಣೆಯಾಗಲಿ ಗ್ರೀಸಾಗಲಿ ತಗಲಬಾರದು. ಖನಿಜ ತೈಲದಿಂದ ಆ ರಬ್ಬರು ಉಬ್ಬಿ ಕೆಡುತ್ತದೆ.

ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 140ರವರೆಗೂ ಇಳಿಯಬಹುದು. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಒಳಗಿನ ನೀರು ಆವಿಯಾಗಿ ಕಾಲಡಿಯ ಪೆಡಲು ನೆಲ ಮುಟ್ಟುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ಣವಾಗಿ ಬದಲಿಸುವ ಖರ್ಚು ಅತ್ಯಲ್ಪ. ಅದರಿಂದ ಉಳಿಯುವುದು ಪ್ರಾಣ. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನಮ್ಮ ಕೆಲಸಗಾರರ ಶ್ವಾಸಕೋಶದ ಬೆಲೆಯಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ.

ಟಯರಿನ ಪಾರ್ಶ್ವದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು. ತುಳಿಯುವ ಭಾಗ ಸವೆಯದಿದ್ದರೂ ಹತ್ತು ವರ್ಷ ದಾಟಿದ ಟಯರಿನ ರಬ್ಬರು ಜೀವ ಕಳೆದುಕೊಂಡಿರುತ್ತದೆ. ಹೊಲದ ಕೆಲಸದ ಗಾಡಿಗೆ ಅದು ಒದಗೀತು. ಹೆದ್ದಾರಿಯಲ್ಲಿ ಓಡುವ ಕಾರಿಗೆ ಸಲ್ಲದು.

ಎಂಜಿನ್, ನೀರು ಮತ್ತು ಪೆಟ್ರೋಲು

ಬಹುಕಾಲ ನಿಂತ ಎಂಜಿನ್ನನ್ನು ಒಮ್ಮೆಲೇ ಬ್ಯಾಟರಿಯಿಂದ ತಿರುಗಿಸುವುದು ತರವಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆಯನ್ನು ಬಿಟ್ಟು, ಒಂದೆರಡು ದಿನ ಕಳೆದ ಮೇಲೆ ಕೈಯಿಂದಲೇ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗಿದರೆ ಎಣ್ಣೆ ಮತ್ತು ಶೋಧಕವನ್ನು ಬದಲಿಸಿ, ಸಂಪೀಡನದ ಮಾಪಕದಿಂದ ನಾಲ್ಕು ಸಿಲಿಂಡರುಗಳನ್ನೂ ಅಳೆಯಬೇಕು. ನಾಲ್ಕೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿದ್ದರೆ ಎಂಜಿನ್ ಬಿಚ್ಚುವ ಖರ್ಚು ಸದ್ಯಕ್ಕೆ ಅನಾವಶ್ಯಕ. ಒಂದರಲ್ಲಿ ಒತ್ತಡ ಕುಸಿದಿದ್ದು, ಎಣ್ಣೆ ಬಿಟ್ಟಾಗ ಏರಿದರೆ ದೋಷವು ಪಿಸ್ಟನ್ ಉಂಗುರದಲ್ಲಿ. ಏರದಿದ್ದರೆ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿ. ಈ ಒಂದು ಮಾಪಕವು ಅನಾವಶ್ಯಕವಾದ ದೊಡ್ಡ ದುರಸ್ತಿಯನ್ನು ತಪ್ಪಿಸಬಲ್ಲದು.

ಡಾಲ್ಫಿನ್ ಎಂಜಿನ್ನಿನ ವಿಶೇಷವೆಂದರೆ ಅದರ ಮೈಯೂ ತಲೆಯೂ ಅಲ್ಯೂಮಿನಿಯಮ್ಮಿನವು. ಒಳಗಿನ ಸಿಲಿಂಡರುಗಳು ಮಾತ್ರ ಬೀಡುಕಬ್ಬಿಣದ ಕೊಳವೆಗಳಾಗಿದ್ದು ಅವುಗಳ ಸುತ್ತ ನೀರು ಹರಿಯುತ್ತದೆ. ಎರಡು ಬೇರೆ ಲೋಹಗಳು ಲವಣಯುಕ್ತ ನೀರಿನಲ್ಲಿ ಮುಳುಗಿದಾಗ ಅದೊಂದು ವಿದ್ಯುತ್ಕೋಶವಾಗಿ, ಅಲ್ಯೂಮಿನಿಯಮ್ಮು ಮೆಲ್ಲಮೆಲ್ಲನೆ ಕರಗುತ್ತದೆ. ಕೂಡ್ಲಿಗಿ, ಕೊಟ್ಟೂರುಗಳ ಕಡೆಯ ಕೊಳವೆಬಾವಿಯ ನೀರಿನ ಗಡಸುತನವನ್ನು ಅರಿಯಲು ಮನೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯನ್ನು ನೋಡಿದರೆ ಸಾಕು. ಅದೇ ಪೊರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಆದುದರಿಂದ ರೇಡಿಯೇಟರನ್ನು ತೊಳೆಸಿ, ಬಟ್ಟಿಯಿಳಿಸಿದ ನೀರಿಗೆ ತುಕ್ಕುನಿರೋಧಕ ಕೂಲಂಟನ್ನು ಬೆರೆಸಿ ತುಂಬಬೇಕು. ಬೇಸಗೆಯಲ್ಲಿ 40 ಡಿಗ್ರಿಯ ಬಿಸಿಲು ಈ ಸೀಮೆಗೆ ಹೊಸತಲ್ಲ. ಒಮ್ಮೆ ಅತಿಯಾಗಿ ಕಾದ ಅಲ್ಯೂಮಿನಿಯಮ್ ತಲೆಯು ಡೊಂಕಾದರೆ ಮಿತವ್ಯಯದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ತಲೆಯ ಬೋಲ್ಟುಗಳನ್ನು ಬಿಗಿಯುವಾಗ ತೋಳ್ಬಲವನ್ನು ನಂಬದೆ, ಬಿಗುವನ್ನು ಅಳೆಯುವ ಸ್ಪ್ಯಾನರನ್ನು ಎರವಲು ತಂದಾದರೂ ಬಳಸಬೇಕು.

ಇಂಧನದ ವಿಷಯದಲ್ಲಿ ಎರಡು ಸಂಗತಿಗಳು ಗಮನಾರ್ಹ. ನಮ್ಮ ದೇಶದಲ್ಲಿ 2000ದಿಂದ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗುತ್ತಿದೆ. ಬೀಡುಕಬ್ಬಿಣದ ತಲೆಯುಳ್ಳ ಹಳೆಯ ಎಂಜಿನ್ನುಗಳಲ್ಲಿ ಇದರಿಂದ ವಾಲ್ವಿನ ಪೀಠಗಳು ಸವೆಯುವ ಭಯವಿದ್ದರೂ, ಅಲ್ಯೂಮಿನಿಯಮ್ ತಲೆಯಲ್ಲಿ ಗಟ್ಟಿ ಲೋಹದ ಪೀಠಗಳನ್ನು ಬೇರೆಯಾಗಿಯೇ ಕೂರಿಸಿರುವುದರಿಂದ ಆ ಭಯ ಕಡಿಮೆ. ಎರಡನೆಯದು ಎಥನಾಲ್. 2023ರಲ್ಲಿ ಆರಂಭವಾಗಿ ಹಂತಹಂತವಾಗಿ ಹರಡಿದ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ ನಾಲ್ವತ್ತು ವರ್ಷ ಹಿಂದಿನ ರಬ್ಬರ್ ನಳಿಕೆಗಳು ತಾಳವು. ಅವು ಮೆತ್ತಗಾಗಿ ಸೋರತೊಡಗುತ್ತವೆ. ಗಾಜುನಾರಿನ ಮೈಯುಳ್ಳ ಕಾರಿನಲ್ಲಿ ಪೆಟ್ರೋಲು ಸೋರುವುದೆಂದರೆ ಬಣವೆಯ ಬಳಿ ಕಿಡಿಯಿಟ್ಟಂತೆ. ಎಥನಾಲ್ ತಾಳುವ ಹೊಸ ನಳಿಕೆ, ಹೊಸ ಬಿಗಿಪಟ್ಟಿ, ಆಸನದ ಬಳಿಯಲ್ಲೊಂದು ಸಣ್ಣ ಅಗ್ನಿಶಾಮಕ ಇವು ತೀರ ಅಗತ್ಯ. ಎಥನಾಲು ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಪೆಟ್ರೋಲನ್ನು ನಿಲ್ಲಿಸಿಡುವುದೂ ಸಲ್ಲದು.

ದೀಪಗಳು

ಉಕ್ಕಿನ ಮೈಯುಳ್ಳ ಕಾರಿನಲ್ಲಿ ವಿದ್ಯುತ್ತು ದೀಪದಿಂದ ಬ್ಯಾಟರಿಗೆ ಹಿಂತಿರುಗುವುದು ಮೈಯ ಲೋಹದ ಮೂಲಕ. ಗಾಜುನಾರು ವಿದ್ಯುದ್ವಾಹಕವಲ್ಲ, ಆದುದರಿಂದ ಡಾಲ್ಫಿನ್ನಿನಂತಹ ಕಾರಿನಲ್ಲಿ ಪ್ರತಿ ದೀಪಕ್ಕೂ ಹಿಂತಿರುಗುವ ತಂತಿಯೊಂದು ಬೇರೆಯಾಗಿ ಇರಲೇಬೇಕು. ಇದನ್ನರಿಯದ ಕೆಲಸಗಾರನು ಹೊಸ ಬಲ್ಬು, ಹೊಸ ಬ್ಯಾಟರಿ, ಹೊಸ ಡೈನಮೊ ಎಂದು ಒಂದೊಂದನ್ನೇ ಬದಲಿಸುತ್ತ ಮಾಲೀಕನ ಹಣವನ್ನು ಕರಗಿಸಬಹುದು. ನಿಜವಾದ ದೋಷವು ತುಕ್ಕು ಹಿಡಿದ ಒಂದು ತಂತಿಯ ತುದಿಯಲ್ಲಿರುತ್ತದೆ. ಸಾಮಾನ್ಯ ಬೆಲೆಯ ಮಾಪಕವೊಂದರಿಂದ, ದೀಪ ಉರಿಯುತ್ತಿರುವಾಗ ಅದರ ಹಿಂತಿರುಗುವ ತುದಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವಿನ ವೋಲ್ಟೇಜನ್ನು ಅಳೆದರೆ ಸತ್ಯ ಹೊರಬೀಳುತ್ತದೆ. ಅದು ಸೊನ್ನೆಯ ಸಮೀಪವಿರಬೇಕು. ಒಂದು ವೋಲ್ಟನ್ನು ಮುಟ್ಟಿದರೆ ತಂತಿ ಅಥವಾ ಜೋಡಣೆ ಕೆಟ್ಟಿದೆಯೆಂದೇ ತಿಳಿಯಬೇಕು.

ದೀಪದ ಮಾತು ಈ ತಾಲ್ಲೂಕುಗಳಲ್ಲಿ ಬರಿಯ ಅನುಕೂಲದ ಮಾತಲ್ಲ. ಕೊಟ್ಟೂರಿನ ರಥೋತ್ಸವದ ಹಿಂದಿನ ದಿನಗಳಲ್ಲಿ ದಾವಣಗೆರೆ, ಹರಪನಹಳ್ಳಿ ಮುಂತಾದ ಕಡೆಗಳಿಂದ ಅಸಂಖ್ಯ ಭಕ್ತರು ರಾತ್ರಿಯಿಡೀ ರಸ್ತೆಯ ಅಂಚಿನಲ್ಲಿ ಪಾದಯಾತ್ರೆ ಮಾಡುತ್ತಾರೆ. ವೃದ್ಧರೂ ಮಕ್ಕಳೂ ಆ ಸಾಲಿನಲ್ಲಿರುತ್ತಾರೆ. ಮಂಕು ದೀಪದ, ಒಂದೇ ಕಡೆಗೆ ಎಳೆಯುವ ಬ್ರೇಕಿನ ಕಾರೊಂದು ಆ ರಸ್ತೆಯಲ್ಲಿ ಬಂದರೆ ಅಪಾಯಕ್ಕೆ ಗುರಿಯಾಗುವವರು ಕಾರಿನ ಶೋಕಿಯಲ್ಲಿ ಪಾಲಿಲ್ಲದ ಈ ನಿರಪರಾಧಿಗಳು. ರಸ್ತೆಗೆ ಯೋಗ್ಯ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ. ಕಾರು ಮಾಲೀಕನಿಗೆ ಒಪ್ಪಿಗೆಯಾದರೆ ಸಾಲದು. ಎದುರಿಗೆ ನಡೆದು ಬರುವ ಅಪರಿಚಿತನಿಗೂ ಅದು ನಿರಪಾಯವಾಗಿರಬೇಕು.

ಬಿಡಿಭಾಗಗಳನ್ನು ದೊರಕಿಸುವ ಬಗೆ

ತಯಾರಿಕೆ ನಿಂತ ಕಾರಿಗೆ ಬಿಡಿಭಾಗವೆಲ್ಲಿ ಎಂಬ ಚಿಂತೆ ಸಹಜ. ಆದರೆ ಯಾವ ಕಾರೂ ಪೂರ್ಣವಾಗಿ ತನ್ನದೇ ಭಾಗಗಳಿಂದ ಆದುದಲ್ಲ. ಬೇರಿಂಗುಗಳ ಅಂಚಿನಲ್ಲಿ ಕೊರೆದ ಸಂಖ್ಯೆಯು ಅಂತರರಾಷ್ಟ್ರೀಯವಾದುದು. ಆ ಸಂಖ್ಯೆಯನ್ನು ಹೇಳಿದರೆ ನೀರೆತ್ತುವ ಪಂಪಿನ ಅಂಗಡಿಯಲ್ಲಿಯೂ ಅದೇ ಬೇರಿಂಗು ದೊರೆತೀತು. ಎಣ್ಣೆ ತಡೆಯುವ ಸೀಲುಗಳನ್ನು ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆಗಳಿಂದ ಕೊಳ್ಳಬಹುದು. ಫ್ಯಾನಿನ ಪಟ್ಟಿ, ನೀರಿನ ನಳಿಕೆ, ಬಲ್ಬು, ಫ್ಯೂಸುಗಳೂ ಹೀಗೆಯೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವವನು ಕಾರಿನ ಹೆಸರನ್ನು ಹೇಳುವುದಕ್ಕಿಂತ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು, ಅಳತೆಗಳ ಪಟ್ಟಿಯನ್ನು ಜೇಬಿನಲ್ಲಿಟ್ಟು ಹೋಗಬೇಕು.

ನಮ್ಮ ತಾಲ್ಲೂಕು ಕೇಂದ್ರಗಳ ಲೇಥ್ ಅಂಗಡಿಗಳಲ್ಲಿ ಟ್ರ್ಯಾಕ್ಟರು, ಪಂಪುಸೆಟ್ಟು, ಅದಿರು ಲಾರಿಗಳ ದುರಸ್ತಿಯಲ್ಲಿ ಪಳಗಿದ ಕೈಗಳಿವೆ. ತೋಳು, ಪಿನ್ನು, ಒಳಕೊಳವೆ ಮುಂತಾದುವನ್ನು ಮಾದರಿ ನೋಡಿ ತಿರುವಿಕೊಡಬಲ್ಲ ಈ ಕುಶಲಿಗಳು ನಾಡಿನ ಸಂಪತ್ತು. ಆದರೆ ಇಲ್ಲಿಯೂ ವಿವೇಚನೆ ಬೇಕು. ಬಾಗಿಲಿನ ತಿರುಗಣೆಯನ್ನು ಯಾವ ಉಕ್ಕಿನಿಂದ ಮಾಡಿದರೂ ಸಾಗೀತು; ಸ್ಟೀರಿಂಗಿನ ಕೀಲನ್ನಾಗಲಿ ಗಾಲಿಯ ದಂಡವನ್ನಾಗಲಿ ಗುಜರಿಯ ಕಂಬಿಯಿಂದ ತಿರುವಿಸಬಾರದು. ಅವುಗಳ ಬಲವಿರುವುದು ಆಕಾರದಲ್ಲಿ ಮಾತ್ರವಲ್ಲ, ಉಕ್ಕಿನ ಜಾತಿಯಲ್ಲಿ ಮತ್ತು ಅದಕ್ಕೆ ಕೊಟ್ಟ ಹದದಲ್ಲಿ. ಇನ್ನೊಂದು ಮಾತು: ಮಿತವ್ಯಯವೆಂದರೆ ಕೆಲಸಗಾರನ ಕೂಲಿಯಲ್ಲಿ ಚೌಕಾಸಿಯಲ್ಲ. ಬಿಚ್ಚುವುದು, ತೊಳೆಯುವುದು, ಉಜ್ಜುವುದು ಇವುಗಳನ್ನು ಮಾಲೀಕನು ತಾನೇ ಮಾಡಿ, ನೈಪುಣ್ಯ ಬೇಕಾದ ಕೆಲಸಕ್ಕೆ ನಿಪುಣನಿಗೆ ಪೂರ್ಣ ಕೂಲಿಯನ್ನು ಕೊಡುವುದೇ ನ್ಯಾಯವಾದ ಉಳಿತಾಯ. ಕಾಯಕವನ್ನು ಗೌರವಿಸುವ ಪರಂಪರೆಯ ನಾಡಿನಲ್ಲಿ ಇದನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ.

ರಸ್ತೆಯ ಮೇಲೆ ಮೊದಲ ಹೆಜ್ಜೆ

ಎಲ್ಲವೂ ಸಿದ್ಧವಾಯಿತೆಂದು ತೋರಿದಾಗ ಆತುರಪಡುವುದು ಮಾನವ ಸಹಜ. ಆದರೆ ಮೊದಲ ಪರೀಕ್ಷೆ ನಡೆಯಬೇಕಾದುದು ನಿಂತಲ್ಲಿಯೇ. ಬ್ರೇಕಿನ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಅದು ಕೆಳಗಿಳಿಯಬಾರದು. ಎಂಜಿನ್ನು ಅರ್ಧ ಗಂಟೆ ನಿಂತಲ್ಲಿಯೇ ನಡೆದಾಗ ನೀರು ಕುದಿಯಬಾರದು. ಎಲ್ಲಿಯೂ ಎಣ್ಣೆಯಾಗಲಿ ಪೆಟ್ರೋಲಾಗಲಿ ಜಿನುಗಬಾರದು. ಅನಂತರ ಖಾಸಗಿ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಬ್ರೇಕು ಹಾಕಿ, ಕಾರು ಎಡಬಲಕ್ಕೆ ಎಳೆಯದೆ ನೇರವಾಗಿ ನಿಲ್ಲುವುದನ್ನು ನೋಡಬೇಕು. ನೋಂದಣಿ, ವಿಮೆ, ಹೊಗೆಪತ್ರಗಳು ಕೈಗೆ ಬಂದ ಮೇಲೆ ಮಾತ್ರ ಸಾರ್ವಜನಿಕ ರಸ್ತೆ. ಹೊಗೆ ತಪಾಸಣೆಯಲ್ಲಿ ಈ ತಲೆಮಾರಿನ ಪೆಟ್ರೋಲ್ ಕಾರಿನ ಕಾರ್ಬನ್ ಮಾನಾಕ್ಸೈಡು 3 ಪ್ರತಿಶತವನ್ನು ಮೀರಬಾರದು. ಕಾರ್ಬ್ಯುರೇಟರನ್ನು ಶುಚಿಗೊಳಿಸಿ ಹದಗೊಳಿಸಿದ್ದರೆ ಇದು ಕಷ್ಟಸಾಧ್ಯವಲ್ಲ. ಹಳೆಯ ಕಾರಿನಲ್ಲಿ ಮೂಲತಃ ಇಲ್ಲದಿದ್ದರೂ ಆಸನದ ಪಟ್ಟಿಗಳನ್ನು, ಗಾಜುನಾರಿಗೆ ಅಲ್ಲ, ಉಕ್ಕಿನ ಚೌಕಟ್ಟಿಗೆ ಭದ್ರವಾಗಿ ಬಿಗಿದ ಆಧಾರಗಳಿಂದ ಜೋಡಿಸಬೇಕು.

ಮೊದಲ 50 ಕಿಲೋಮೀಟರುಗಳನ್ನು ಊರ ಸುತ್ತಮುತ್ತಲೇ ಓಡಿಸಿ, ಪ್ರತಿಯೊಂದು ಗಾಲಿಯ ನಟ್ಟನ್ನೂ ಸ್ಟೀರಿಂಗಿನ ಕೀಲನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು. ಕೂಡ್ಲಿಗಿಯ ಮೂಲಕ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯ ವೇಗಕ್ಕೆ ಇಳಿಯುವುದು ಅದರ ಅನಂತರದ ಮಾತು. ಯಾವ ದಿನ ಏನನ್ನು ಬದಲಿಸಲಾಯಿತು, ಎಷ್ಟು ಖರ್ಚಾಯಿತು, ಮುಂದಿನ ತಪಾಸಣೆ ಯಾವಾಗ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು ಹಣವನ್ನೂ ಮರೆವಿನಿಂದಾಗುವ ಅನಾಹುತವನ್ನೂ ಉಳಿಸುತ್ತದೆ.

ಇಂತಹ ಕಾರ್ಯದಿಂದ ಒದಗುವ ಲಾಭವನ್ನು ರೂಪಾಯಿಯಲ್ಲಿ ಅಳೆದರೆ ಬಹುಶಃ ನಷ್ಟವೇ ಕಂಡೀತು. ಅದೇ ಹಣಕ್ಕೆ ಕೆಲವೇ ವರ್ಷ ಹಳೆಯ ಮತ್ತೊಂದು ಕಾರು ದೊರೆಯುವ ಸಂಭವವುಂಟು. ಆದರೂ ಬೆಂಗಳೂರಿನ ಕಾರ್ಖಾನೆಯೊಂದು ಕನ್ನಡ ನಾಡಿನಲ್ಲಿ ಕಟ್ಟಿದ ಒಂದು ಯಂತ್ರವು ಗುಜರಿಗೆ ಸೇರದೆ ಉಳಿಯುವುದು, ಅದನ್ನು ಬಿಚ್ಚಿ ಕಟ್ಟುವಾಗ ಮನೆಯ ಮಕ್ಕಳು ಪ್ಯಾಸ್ಕಲನ ನಿಯಮವನ್ನೂ ವಿದ್ಯುನ್ಮಂಡಲವನ್ನೂ ಲೋಹಗಳ ಕ್ಷಯವನ್ನೂ ಕೈಯಿಂದ ಮುಟ್ಟಿ ಕಲಿಯುವುದು ಸಾಮಾನ್ಯ ಲಾಭವಲ್ಲ. ಪಾಠಪುಸ್ತಕದಲ್ಲಿ ಓದಿದುದು ಬೆರಳ ತುದಿಗೆ ಇಳಿಯುವುದು ಇಂತಹ ಕೆಲಸಗಳಲ್ಲಿಯೇ. ಹಣ ಕಡಿಮೆಯೆಂದು ಹಿಂಜರಿಯಬೇಕಾಗಿಲ್ಲ. ಕ್ರಮ ತಪ್ಪದಿದ್ದರೆ ಸಾಕು. ಅಚ್ಚು, ಬ್ರೇಕು, ದೀಪಗಳ ಸರದಿ ಮುಗಿದು, ಜಾತ್ರೆಯ ರಸ್ತೆಯಲ್ಲಿ ಪಾದಚಾರಿಗಳ ಪಕ್ಕದಲ್ಲಿ ನಿರ್ಭಯವಾಗಿ ನಿಲ್ಲಬಲ್ಲ ಕಾರಿಗೆ ಬಣ್ಣ ಮಾಸಿದ್ದರೂ ಕೊರತೆಯೇನಿಲ್ಲ.